ಅರ್ಧರಥರ ಲೆಕ್ಕ

ಭಾರತಯುದ್ಧ ಇನ್ನೇನು ಆರಂಭವಾಗಬೇಕು ಎನ್ನುವ ಹೊತ್ತಿನಲ್ಲಿ ದುರ್ಯೋಧನನು ಭೀಷ್ಮನೆದುರು ಒಂದು ಪ್ರಶ್ನೆಯನ್ನಿಡುತ್ತಾನೆ: ನಮ್ಮ ಪಾಳೆಯದಲ್ಲಿ ರಥರು ಯಾರು, ಅತಿರಥರು ಯಾರು? ಪಿತಾಮಹನು ಒಬ್ಬೊಬ್ಬರನ್ನೇ ತೂಗಿ ನೋಡುತ್ತ ಬಂದು, ಕರ್ಣನ ಸರದಿಯಲ್ಲಿ ಅವನನ್ನು ಅರ್ಧರಥನೆಂದು ಎಣಿಸಿಬಿಡುತ್ತಾನೆ. ಅದಕ್ಕೆ ಕಾರಣಗಳಿಲ್ಲದಿಲ್ಲ; ಸಹಜವಾದ ಕವಚಕುಂಡಲಗಳು ಕೈಬಿಟ್ಟಿವೆ, ಪರಶುರಾಮನ ಶಾಪ ಬೆನ್ನಿಗಿದೆ. ಆದರೆ ಆ ಒಂದು ಮಾತಿನಿಂದ ಕೆರಳಿದ ಕರ್ಣ, ಭೀಷ್ಮನು ಬೀಳುವ ತನಕ ಆಯುಧ ಹಿಡಿಯುವುದಿಲ್ಲವೆಂದು ಹೊರಟುಹೋಗುತ್ತಾನೆ. ಹತ್ತು ದಿನಗಳ ಕಾಲ ಕೌರವರು ಕರ್ಣನಿಲ್ಲದೆ ಕಾದಬೇಕಾಯಿತು. ಗುಣಾನುಕ್ರಮದ ಪಟ್ಟಿಯೊಂದರಿಂದ ಹುಟ್ಟಿದ ಜಗಳಗಳಲ್ಲಿ ಇದಕ್ಕಿಂತ ದುಬಾರಿಯಾದದ್ದು ಇನ್ನೊಂದಿರಲಾರದು.

ನಾರಣಪ್ಪನು ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಭಾರತವನ್ನು ಕನ್ನಡದಲ್ಲಿ ಹಾಡಿದನೆಂದು ನಂಬಿಕೊಂಡು ಬಂದಿರುವ ಗದುಗಿನವರಿಗೆ ಕರ್ಣನ ಪಕ್ಷವನ್ನು ವಹಿಸುವುದು ಹೊಸತೇನಲ್ಲ. ಅವರ ಪಾಲಿಗೆ ಈ ಕಾಲದ ಭೀಷ್ಮರೆಂದರೆ ಪತ್ರಿಕೆಗಳಲ್ಲಿ ಆಟಗಾರರ ಶ್ರೇಯಾಂಕಗಳನ್ನು ಕಟ್ಟುವ ಕ್ರೀಡಾ ಬರಹಗಾರರು. ವಿಶ್ವಕಪ್ ಹತ್ತಿರ ಬಂದಾಗಲೆಲ್ಲ ‘ಭಾರತದ ಶ್ರೇಷ್ಠ ಬೌಲಿಂಗ್ ಸಾಧನೆಗಳು’ ಎಂಬ ಪಟ್ಟಿಯೊಂದು ಅಚ್ಚಾಗುತ್ತದೆ. ಗದಗ-ಬೆಟಗೇರಿಯ ಚಹಾದಂಗಡಿಗಳಲ್ಲಾಗಲಿ, ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಾಗಲಿ, ಶಿರಹಟ್ಟಿ ಮುಂಡರಗಿಗಳ ಮನೆಯ ಕಟ್ಟೆಗಳ ಮೇಲಾಗಲಿ ಆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದವರು ತಮ್ಮೂರಿನ ಸುನಿಲ್ ಜೋಶಿಯವರ ಹೆಸರು ಮೊದಲ ಹತ್ತರಲ್ಲಿ ಕಾಣದಿದ್ದರೆ ಪತ್ರಿಕೆಯನ್ನು ಮಡಿಸಿಡುತ್ತಾರೆ. ಊರಿನ ಅಭಿಮಾನವೆಂದು ಇದನ್ನು ನಕ್ಕು ತಳ್ಳಿಬಿಡುವುದು ಸುಲಭ. ಆದರೆ ಈ ಮುನಿಸಿನಲ್ಲಿ ಅಭಿಮಾನದ ಪಾಲೆಷ್ಟು, ನ್ಯಾಯದ ಪಾಲೆಷ್ಟು ಎಂಬುದನ್ನು ಒಮ್ಮೆ ಸಮಾಧಾನದಿಂದ ಅಳೆದು ನೋಡುವುದು ಒಳ್ಳೆಯದು.

ವಿವಾದದ ಮೂಲ ಇರುವುದು 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ನಡೆದ ಒಂದು ದಿನದ ಪಂದ್ಯದಲ್ಲಿ. ಎದುರಾಳಿ ದಕ್ಷಿಣ ಆಫ್ರಿಕ. ಮೂರು ತಿಂಗಳ ಹಿಂದೆಯಷ್ಟೇ ವಿಶ್ವಕಪ್ಪಿನ ಉಪಾಂತ್ಯದಲ್ಲಿ ಆಸ್ಟ್ರೇಲಿಯದೊಡನೆ ಸಮಸಮ ಮಾಡಿಕೊಂಡು, ಕೂದಲೆಳೆಯಲ್ಲಿ ಅಂತಿಮ ಪಂದ್ಯವನ್ನು ತಪ್ಪಿಸಿಕೊಂಡಿದ್ದ ತಂಡ. ಅಂದು ಎಡಗೈ ಸ್ಪಿನ್ನರ್ ಜೋಶಿಯವರು ಹತ್ತು ಓವರು ಎಸೆದರು. ಅವುಗಳಲ್ಲಿ ಆರು ಓವರುಗಳಲ್ಲಿ ಒಂದು ರನ್ನೂ ಬರಲಿಲ್ಲ. ಒಟ್ಟು ಕೊಟ್ಟದ್ದು 6 ರನ್ನು, ಕೆಡವಿದ್ದು ಐದು ವಿಕೆಟ್. ಬಿದ್ದವರಾದರೂ ಬಾಲಂಗೋಚಿಗಳಲ್ಲ: ಡಿಪ್ಪೆನಾರ್, ಗಿಬ್ಸ್, ಕ್ರೋನ್ಯೆ, ರೋಡ್ಸ್, ಪೊಲಾಕ್. ದಕ್ಷಿಣ ಆಫ್ರಿಕ 117ಕ್ಕೆ ಮುಗಿಯಿತು; ಭಾರತ ಎಂಟು ವಿಕೆಟ್ಟುಗಳಿಂದ ಗೆದ್ದಿತು.

ಪಟ್ಟಿಯಲ್ಲಿ ಈ ಸಾಧನೆಯ ಸ್ಥಾನವೆಲ್ಲಿ? ರೂಢಿಯಲ್ಲಿರುವ ಕ್ರಮ ಹೀಗಿದೆ: ಮೊದಲು ವಿಕೆಟ್ಟುಗಳ ಎಣಿಕೆ, ವಿಕೆಟ್ ಸಮವಾದರೆ ಮಾತ್ರ ರನ್ನುಗಳ ಎಣಿಕೆ. ಈ ಕ್ರಮದಂತೆ 2023ರ ವಿಶ್ವಕಪ್ ಉಪಾಂತ್ಯದಲ್ಲಿ ಮುಂಬಯಿಯಲ್ಲಿ ನ್ಯೂಜಿಲೆಂಡಿನ ವಿರುದ್ಧ ಮೊಹಮ್ಮದ್ ಶಮಿ 57 ರನ್ನಿಗೆ ಪಡೆದ ಏಳು ವಿಕೆಟ್ಟುಗಳು ಎಲ್ಲಕ್ಕಿಂತ ಮೇಲಕ್ಕೇರಿದವು. ಅದರ ಕೆಳಗೆ ಆರು ವಿಕೆಟ್ಟಿನವರ ಸಾಲು. ಆ ಸಾಲಿನ ತಲೆಯಲ್ಲಿ ನಿಂತವರಿಬ್ಬರೂ ಕನ್ನಡನಾಡಿನವರೇ ಎಂಬುದು ಸಂತೋಷದ ಸಂಗತಿ: 2014ರಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದೆದುರು 4 ರನ್ನಿಗೆ ಆರು ವಿಕೆಟ್ ಪಡೆದ ಸ್ಟುವರ್ಟ್ ಬಿನ್ನಿ, 1993ರ ಹೀರೋ ಕಪ್ ಅಂತಿಮ ಪಂದ್ಯದಲ್ಲಿ ಕಲ್ಕತ್ತೆಯಲ್ಲಿ ವೆಸ್ಟ್ ಇಂಡೀಸಿನೆದುರು 12 ರನ್ನಿಗೆ ಆರು ವಿಕೆಟ್ ಪಡೆದ ಅನಿಲ್ ಕುಂಬ್ಳೆ. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಆದರೆ ಅದೇ ಸಾಲಿನಲ್ಲಿ ಇನ್ನೂ ಕೆಳಗಿಳಿದರೆ 2005ರಲ್ಲಿ ಕೊಲಂಬೊದಲ್ಲಿ ನಡೆದ ಅಂತಿಮ ಪಂದ್ಯವೊಂದು ಸಿಗುತ್ತದೆ. ಅಲ್ಲಿ ಆಶಿಶ್ ನೆಹ್ರಾ ಶ್ರೀಲಂಕೆಯ ವಿರುದ್ಧ 59 ರನ್ನು ಕೊಟ್ಟು ಆರು ವಿಕೆಟ್ ಪಡೆದರು. ಭಾರತ 18 ರನ್ನುಗಳಿಂದ ಸೋತಿತು. ಸೋತ ಪಂದ್ಯದ ಆ 59 ರನ್ನು, ಗೆದ್ದ ಪಂದ್ಯದ ಈ 6 ರನ್ನಿಗಿಂತ ಮೇಲಿನ ಮಣೆಯಲ್ಲಿ ಕುಳಿತಿದೆ! ದೋಷ ನೆಹ್ರಾ ಅವರದಲ್ಲ. ಅಂದು ಶ್ರೀಲಂಕೆಯನ್ನು 281ರಲ್ಲಿ ಹಿಡಿದಿಟ್ಟವರಲ್ಲಿ ಅವರೇ ಮುಖ್ಯರು. ದೋಷವಿರುವುದು ಒಂದು ವಿಕೆಟ್ಟಿನ ವ್ಯತ್ಯಾಸಕ್ಕೆ 53 ರನ್ನುಗಳ ವ್ಯತ್ಯಾಸವನ್ನು ನುಂಗಿ ನೀರು ಕುಡಿಯುವ ತಕ್ಕಡಿಯಲ್ಲಿ.

ಬೆಟಗೇರಿಯ ನೇಕಾರನನ್ನು ಕೇಳಿದರೆ ಈ ಮಾತು ಸುಲಭವಾಗಿ ತಿಳಿದೀತು. ಸೀರೆಯ ಬೆಲೆಯನ್ನು ಅವನು ಎಳೆಗಳನ್ನು ಎಣಿಸಿಯೇ ಕಟ್ಟುವುದಿಲ್ಲ. ನೂಲು ಎಂಥದು, ಬಣ್ಣ ನಿಲ್ಲುವಂಥದೇ, ಸೆರಗಿನ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು ಎಂಬುದೆಲ್ಲ ಸೇರಿ ಬೆಲೆಯಾಗುತ್ತದೆ. ಎಣಿಕೆ ಬೇಡವೆಂದಲ್ಲ, ಎಣಿಕೆಯೊಂದೇ ಸಾಲದು.

ಎದುರು ಪಕ್ಷದವರಿಗೂ ಹೇಳಲು ಮಾತಿದೆ, ಅದನ್ನು ಕೇಳದೆ ತೀರ್ಪು ಕೊಡುವುದು ಧರ್ಮವಲ್ಲ. ಹತ್ತು ಓವರು ಪೂರ್ಣವಾಗಿ ಎಸೆದವರಲ್ಲಿ ಜೋಶಿಯವರಿಗಿಂತ ಜಿಪುಣರೂ ಇದ್ದಾರೆ. 1992ರಲ್ಲಿ ಸಿಡ್ನಿಯಲ್ಲಿ ವೆಸ್ಟ್ ಇಂಡೀಸಿನ ಫಿಲ್ ಸಿಮನ್ಸ್ ಪಾಕಿಸ್ತಾನಕ್ಕೆ ಕೊಟ್ಟದ್ದು ಮೂರೇ ರನ್ನು, ಪಡೆದದ್ದು ನಾಲ್ಕು ವಿಕೆಟ್. ಇನ್ನು ಶಮಿಯವರ 57 ರನ್ನೂ ಹಗುರವೆಂದು ತಿಳಿಯಲಾಗದು. ಎರಡು ಪಾಳಿಗಳೂ ಸೇರಿ 724 ರನ್ನು ಹರಿದ ಪಂದ್ಯವದು, ಅಲ್ಲಿ ಅಷ್ಟು ಕೊಡುವುದು ದುಂದುಗಾರಿಕೆಯಲ್ಲ. ಬಿನ್ನಿಯವರು ಎಸೆದದ್ದು ಐದು ಓವರಿಗೂ ಕಡಿಮೆಯೇ ಆದರೂ, ತಂಡ ಕೇವಲ 105ಕ್ಕೆ ಉರುಳಿದ ಮೇಲೆ ಅದನ್ನು ಗೆಲ್ಲಿಸಿಕೊಟ್ಟವರು. ಆದ್ದರಿಂದ ಜೋಶಿಯವರನ್ನು ಪಟ್ಟಿಯ ಮೊದಲ ಸ್ಥಾನದಲ್ಲಿಯೇ ಕೂರಿಸಬೇಕೆಂಬ ಹಟ ನಿಲ್ಲಲಾರದು. ನಿಲ್ಲುವ ವಾದ ಇಷ್ಟೇ: ಪಂದ್ಯದ ಒಟ್ಟು ರನ್ನು, ಬಿದ್ದ ಬ್ಯಾಟುಗಾರರ ಯೋಗ್ಯತೆ, ಗೆಲುವಿನಲ್ಲಿ ಪಾಲು – ಈ ಮೂರನ್ನೂ ತೂಕಕ್ಕೆ ಹಾಕಿದರೆ ನೈರೋಬಿಯ ಆ ಹತ್ತು ಓವರುಗಳು ಆರು ವಿಕೆಟ್ಟಿನ ಅನೇಕ ಸಾಧನೆಗಳನ್ನು ದಾಟಿ ಮೇಲಕ್ಕೆ ಬರಲೇಬೇಕು.

ಹೀಗೆ ತೂಗುವುದು ಅಸಾಧ್ಯವೂ ಅಲ್ಲ. 2001ರಲ್ಲಿ ವಿಸ್ಡನ್ ಸಂಸ್ಥೆ ಟೆಸ್ಟ್ ಆಟದ ನೂರು ಶ್ರೇಷ್ಠ ಇನಿಂಗ್ಸುಗಳನ್ನು ಎದುರಾಳಿಯ ಬಲ, ಮೈದಾನದ ಗುಣ, ಪಂದ್ಯದ ಫಲ ಮುಂತಾದವುಗಳಿಂದ ಅಳೆದು ಪ್ರಕಟಿಸಿದಾಗ, ಸಚಿನ್ ತೆಂಡೂಲ್ಕರರ ಒಂದು ಇನಿಂಗ್ಸೂ ಅದರಲ್ಲಿಲ್ಲವೆಂದು ದೇಶದಲ್ಲೆಲ್ಲ ಗದ್ದಲವೆದ್ದಿತು. ಆ ಗದ್ದಲದ ನಡುವೆ ಹೆಚ್ಚು ಜನ ಗಮನಿಸದೆ ಹೋದ ಒಂದು ಸಂಗತಿಯಿದೆ. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಭಾರತ 190ಕ್ಕೆ ಮುಗಿದಾಗ ಔಟಾಗದೆ ಉಳಿದು ನಮ್ಮ ಜಿ. ಆರ್. ವಿಶ್ವನಾಥ್ ಹೊಡೆದ 97 ರನ್ನಿಗೆ ಅದೇ ಪಟ್ಟಿಯಲ್ಲಿ 38ನೆಯ ಸ್ಥಾನ ದೊರೆತಿತ್ತು. ಶತಕಗಳನ್ನಷ್ಟೇ ಎಣಿಸುವ ಪಟ್ಟಿಯಲ್ಲಿ ಆ 97ಕ್ಕೆ ಹೊಸ್ತಿಲಾಚೆಯೇ ನೆಲೆ. ತೆಂಡೂಲ್ಕರರ ವಿಷಯದಲ್ಲಿ ಆ ಪಟ್ಟಿಯೊಡನೆ ಜಗಳವಾಡಿದವರೂ ವಿಶ್ವನಾಥರ ವಿಷಯದಲ್ಲಿ ಅದಕ್ಕೆ ಋಣಿಯಾಗಿರಬೇಕು.

ಆಟ ಮುಗಿದು ಇಪ್ಪತ್ತೈದು ವರ್ಷ ಕಳೆದ ಮೇಲೆ ಯಾರ ಹೆಸರು ಎಲ್ಲಿದ್ದರೇನು ಎಂದು ಮನೆಯ ಹಿರಿಯರು ಕೇಳಬಹುದು. ಪಟ್ಟಿ ಬರಿಯ ಹರಟೆಯ ವಸ್ತುವಾಗಿದ್ದರೆ ಆ ಪ್ರಶ್ನೆ ಸರಿಯೇ. ಆದರೆ ಎಣಿಕೆಯ ಈ ಅಭ್ಯಾಸ ಆಡುತ್ತಿರುವವನ ಅನ್ನಕ್ಕೂ ಬರುತ್ತದೆ. ಜೋಶಿಯವರ ಜೀವನವೇ ಇದಕ್ಕೆ ನಿದರ್ಶನ. 1970ರಲ್ಲಿ ಗದುಗಿನಲ್ಲಿ ಹುಟ್ಟಿದ ಹುಡುಗ, ಬೆಳಗಿನ ಜಾವದಲ್ಲೆದ್ದು ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿಕೊಂಡು ಶಾಲೆಯ ವೇಳೆಗೆ ಹಿಂದಿರುಗುತ್ತಿದ್ದ. ಕರ್ನಾಟಕ ರಣಜಿ ಗೆದ್ದ 1995-96ರ ಸಾಲಿನಲ್ಲಿ 500ಕ್ಕೂ ಹೆಚ್ಚು ರನ್ನು, 50ಕ್ಕೂ ಹೆಚ್ಚು ವಿಕೆಟ್ ಎರಡನ್ನೂ ಕೂಡಿಸಿದ ಮೇಲೆ 1996ರಲ್ಲಿ ಟೆಸ್ಟಿನ ಬಾಗಿಲು ತೆರೆಯಿತು. 2000ದ ನವೆಂಬರಿನಲ್ಲಿ ಬಾಂಗ್ಲಾದೇಶ ತನ್ನ ಮೊದಲ ಟೆಸ್ಟನ್ನು ಢಾಕಾದಲ್ಲಿ ಆಡಿತು. ಅತಿಥೇಯರು 400 ಹೊಡೆದರು. ಜೋಶಿಯವರು 142 ರನ್ನು ಕೊಟ್ಟು ಐದು ವಿಕೆಟ್ ಪಡೆದರು. ಭಾರತ 429 ಮುಟ್ಟಿತು. ಅದರಲ್ಲಿ ಜೋಶಿಯವರ ಪಾಲು 92. ಎರಡನೆಯ ಪಾಳಿಯಲ್ಲಿ ಮತ್ತೆ ಮೂರು ವಿಕೆಟ್. ಪಂದ್ಯದ ಶ್ರೇಷ್ಠ ಆಟಗಾರರು ಅವರೇ.

ಈಗ ಇದನ್ನು ಪಟ್ಟಿಗಳ ಕಣ್ಣಿನಿಂದ ನೋಡಬೇಕು. ಬೌಲಿಂಗಿನ ಪಟ್ಟಿಗೆ 142 ರನ್ನು ದುಬಾರಿ. ಶತಕಗಳ ಪಟ್ಟಿಗೆ 92 ಎಂಟು ರನ್ನು ಕಡಿಮೆ. ಎರಡು ಖಾತೆಗಳಲ್ಲಿ ಹಂಚಿಹೋದ ಸಾಧನೆ ಎರಡರಲ್ಲಿಯೂ ಬಡವಾಗಿ ಕಾಣುತ್ತದೆ. ಕೂಡಿಸಿ ನೋಡಿದರೆ ಪಂದ್ಯವೇ ಅದರ ಮೇಲೆ ನಿಂತಿತ್ತು. ಆ ನವೆಂಬರ್ ಕಳೆಯುವಷ್ಟರಲ್ಲಿ ಅವರ ಟೆಸ್ಟ್ ಜೀವನವೂ ಮುಗಿದುಹೋಯಿತು: ಒಟ್ಟು 15 ಟೆಸ್ಟ್, 41 ವಿಕೆಟ್. ಇದರಲ್ಲಿ ಯಾರದೋ ಸಂಚನ್ನು ಹುಡುಕಬೇಕಾಗಿಲ್ಲ. ಕುಂಬ್ಳೆಯವರಂಥ ಬೌಲರ್ ಒಂದು ತುದಿಯಲ್ಲಿ ಬೇರೂರಿದ್ದ ಕಾಲ. 2001ರ ಮಾರ್ಚಿನಲ್ಲಿ ಹರಭಜನ್ ಸಿಂಗ್ ಆಸ್ಟ್ರೇಲಿಯದ ಮೂರು ಟೆಸ್ಟುಗಳಲ್ಲಿ 32 ವಿಕೆಟ್ ಕಿತ್ತಾಗ ಎರಡನೆಯ ತುದಿಯೂ ತುಂಬಿತು. ಆದರೂ ಬ್ಯಾಟು ಚೆಂಡು ಎರಡನ್ನೂ ಬಲ್ಲವನ ಬೆಲೆ ಕಟ್ಟುವ ಅಂಕಣವೇ ಪಟ್ಟಿಯಲ್ಲಿಲ್ಲದಿರುವಾಗ, ಅಂಥವನು ಮೊದಲು ಹೊರಗುಳಿಯುವುದು ಆಶ್ಚರ್ಯವಲ್ಲ. ಜೋಶಿಯವರು ಮುನಿದು ಆಯುಧವಿಡಲಿಲ್ಲವೆಂಬುದೇ ಅವರ ದೊಡ್ಡತನ. ಮುಂದೆ ಎಷ್ಟೋ ವರ್ಷ ದೇಶೀಯ ಪಂದ್ಯಗಳನ್ನಾಡಿ ಪ್ರಥಮ ದರ್ಜೆಯಲ್ಲಿ 600ಕ್ಕೂ ಹೆಚ್ಚು ವಿಕೆಟ್, 5000ಕ್ಕೂ ಹೆಚ್ಚು ರನ್ನು ಕೂಡಿಸಿದರು.

ಕಾಲಚಕ್ರ ತಿರುಗಿ, 2020ರ ಮಾರ್ಚಿನಲ್ಲಿ ಅದೇ ಜೋಶಿಯವರು ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಪಟ್ಟಿಯಲ್ಲಿ ಕೆಳಗುಳಿದವರ ಕೈಗೇ ಕೆಲವು ತಿಂಗಳ ಮಟ್ಟಿಗೆ ಪಟ್ಟಿ ಮಾಡುವ ಕೆಲಸ ಬಂದಿತು. ಆ ಕುರ್ಚಿಯಲ್ಲಿ ಕುಳಿತವನು ಅಂಕಿಗಳನ್ನು ಬದಿಗಿಡಲಾರ. ಅಂಕಿಗಳನ್ನಷ್ಟೇ ನಂಬಲೂ ಆರ.

ಓದುಗರು ಮಾಡಬೇಕಾದುದು ಸ್ವಲ್ಪವೇ. ಮುಂದಿನ ಸಲ ಶ್ರೇಷ್ಠರ ಸಾಲೊಂದು ಅಚ್ಚಾಗಿ ಬಂದಾಗ ಯಾರು ಎಷ್ಟನೆಯವರೆಂದು ಕೇಳುವ ಮುಂಚೆ, ಬರೆದವರು ಏನನ್ನು ತೂಗಿದರು, ಏನನ್ನು ತಕ್ಕಡಿಗೇ ಹಾಕಲಿಲ್ಲ ಎಂದು ಕೇಳಬೇಕು. ನಮ್ಮೂರಿನವನೆಂಬ ಕಾರಣವೊಂದನ್ನೇ ಮುಂದೆ ಮಾಡಿದರೆ ಬೆಂಗಳೂರಿನವರೋ ಮುಂಬಯಿಯವರೋ ಅದೇ ಕಾರಣದಿಂದ ಗೆದ್ದುಬಿಡುತ್ತಾರೆ. ಅವರ ಊರುಗಳು ದೊಡ್ಡವು, ದನಿಯೂ ದೊಡ್ಡದು. ಹತ್ತು ಓವರು, ಆರು ರನ್ನು, ಐದು ವಿಕೆಟ್ ಎಂಬ ಕಾರಣ ಮಾತ್ರ ಊರನ್ನು ಕೇಳುವುದಿಲ್ಲ. ಮುಂಡರಗಿಯ ಕಟ್ಟೆಯ ಮೇಲೆ ಹೇಳಿದರೂ ಅದರ ತೂಕ ಅಷ್ಟೇ, ಲಾರ್ಡ್ಸಿನ ಮಹಡಿಯ ಮೇಲೆ ಹೇಳಿದರೂ ಅಷ್ಟೇ.