ಪೇಟೆಂಟು ಕಾಯಿದೆಯೂ ನಮ್ಮ ಕುಶಲಕರ್ಮಿಗಳೂ

ಅರಿಸಿನವು ಗಾಯವನ್ನು ಮಾಯಿಸುವುದೆಂಬ ಸಂಗತಿಯನ್ನು ನಮ್ಮ ನಾಡಿನಲ್ಲಿ ಮಕ್ಕಳಿಗೂ ಹೇಳಿಕೊಡಬೇಕಾದ್ದಿಲ್ಲ. ಆದರೂ 1995ನೆಯ ಇಸವಿಯಲ್ಲಿ ಅಮೆರಿಕದ ಪೇಟೆಂಟು ಕಚೇರಿಯು ಇದನ್ನೇ ಹೊಸ ಕಲ್ಪನೆಯೆಂದು ನಂಬಿ, ಅಲ್ಲಿಯ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೇಂದ್ರಕ್ಕೆ ಪೇಟೆಂಟು ಕೊಟ್ಟಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಯವರು ಹಳೆಯ ಗ್ರಂಥಗಳ ಮತ್ತು ಲೇಖನಗಳ ಆಧಾರಗಳನ್ನು ಮುಂದಿಟ್ಟು ತಕರಾರು ಹೂಡಿದ ಮೇಲೆ, 1997ರಲ್ಲಿ ಅದು ರದ್ದಾಯಿತು. ಆ ವಾರ್ತೆಯನ್ನು ಕೇಳಿ ದೇಶವೆಲ್ಲ ಹಿಗ್ಗಿತು; ಹಿಗ್ಗಿದ್ದು ನ್ಯಾಯವೇ. ಆದರೆ ಆ ಗೆಲುವಿನೊಳಗಿದ್ದ ಪಾಠವನ್ನು ನಾವು ಸಾಕಷ್ಟು ಕಲಿಯಲಿಲ್ಲವೆಂದು ವಿಷಾದದಿಂದ ಹೇಳಬೇಕಾಗಿದೆ. ಅಲ್ಲಿ ನಮ್ಮನ್ನು ಕಾಪಾಡಿದ್ದು ಲಿಖಿತ ಪ್ರಮಾಣ. ಹಳೆಯದನ್ನು ಉಳಿಸಿಕೊಳ್ಳುವುದಕ್ಕೆ ಬರವಣಿಗೆ ಹೇಗೆ ಬೇಕೋ, ಹೊಸದನ್ನು ನಮ್ಮದೆಂದು ಸ್ಥಾಪಿಸುವುದಕ್ಕೂ ಹಾಗೆಯೇ ಬೇಕು.

ಪೇಟೆಂಟೆಂದರೆ ಸರ್ಕಾರವು ಜಾಣನಿಗೆ ಹೊದಿಸುವ ಶಾಲೆಂದು ಭಾವಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ವಾಸ್ತವವಾಗಿ ಅದು ಕಲ್ಪಕನಿಗೂ ಸಾರ್ವಜನಿಕರಿಗೂ ನಡುವೆ ಆಗುವ ಒಂದು ಕರಾರು. ಕಲ್ಪಕನು ತನ್ನ ಯುಕ್ತಿಯನ್ನು ಮುಚ್ಚುಮರೆಯಿಲ್ಲದೆ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ, ಅರ್ಜಿಯ ದಿನದಿಂದ 20 ವರ್ಷ ತುಂಬುವವರೆಗೆ, ಪೇಟೆಂಟು ಪಡೆದವನ ಅಪ್ಪಣೆಯಿಲ್ಲದೆ ಇತರರು ಅದನ್ನು ಮಾಡಿ ಮಾರುವಂತಿಲ್ಲ. ಅವಧಿ ತೀರಿದೊಡನೆ ಅದು ಸರ್ವರ ಸೊತ್ತು. ಕಲ್ಪನೆಯು ಹೊಸದಾಗಿರಬೇಕು, ಆ ಕಸುಬನ್ನು ಬಲ್ಲವರಿಗೆ ತಾನಾಗಿಯೇ ಹೊಳೆಯುವಂಥದಾಗಿರಬಾರದು, ಉದ್ಯಮದಲ್ಲಿ ಉಪಯೋಗಕ್ಕೆ ಬರುವಂತಿರಬೇಕು. ಬೇಸಾಯದ ಕ್ರಮಕ್ಕೂ, ಗಣಿತದ ಸೂತ್ರಕ್ಕೂ, ಪರಂಪರೆಯಿಂದ ಬಂದ ತಿಳಿವಳಿಕೆಗೂ ನಮ್ಮ 1970ರ ಕಾಯಿದೆಯಲ್ಲಿ ಪೇಟೆಂಟಿಲ್ಲ. ಹಳೆಯ ಔಷಧದ ರೂಪವನ್ನು ಮಾತ್ರ ಮಾರ್ಪಡಿಸಿ, ರೋಗ ನಿವಾರಣೆಯಲ್ಲಿ ಹೆಚ್ಚಳ ತೋರಿಸದವರಿಗೂ ಅದು ಸಲ್ಲದೆಂದು 2013ರಲ್ಲಿ ಸುಪ್ರೀಂ ಕೋರ್ಟು ನೋವಾರ್ಟಿಸ್ ಕಂಪೆನಿಯ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಹೀಗೆ ಬಡವನ ಹಿತವನ್ನೂ ನೋಡುವ ಕಾಯಿದೆ ನಮ್ಮದು.

ಮಲೆನಾಡಿನ ಒಬ್ಬ ಕಮ್ಮಾರನು ಅಡಕೆ ಸುಲಿಯುವುದಕ್ಕೆ ಒಂದು ಹೊಸ ಯಂತ್ರವನ್ನು ಕಲ್ಪಿಸಿದನೆಂದು ಇಟ್ಟುಕೊಳ್ಳೋಣ. ಅವನು ಮೊದಲು ಮಾಡುವ ಕೆಲಸವೇನು? ಅದನ್ನು ಮೇಳಕ್ಕೆ ಹೊತ್ತೊಯ್ದು ಹತ್ತು ಜನರ ಮುಂದೆ ನಡೆಸಿ ತೋರಿಸುವುದು. ಅಲ್ಲಿಗೆ ಅವನ ಹಕ್ಕಿಗೆ ಸಂಚಕಾರ ಬಂತು; ಏಕೆಂದರೆ ಸರ್ಕಾರವು ಗೆಜೆಟ್ಟಿನಲ್ಲಿ ಗೊತ್ತುಮಾಡಿದ ಪ್ರದರ್ಶನವೇ ಮೊದಲಾದ ಕೆಲವು ಅಪವಾದಗಳನ್ನು ಬಿಟ್ಟರೆ, ಒಮ್ಮೆ ಬಹಿರಂಗವಾದದ್ದು ಕಾಯಿದೆಯ ದೃಷ್ಟಿಯಲ್ಲಿ ಹೊಸದಾಗಿ ಉಳಿಯುವುದಿಲ್ಲ. ಆಮೇಲೆ ಅರ್ಜಿ ಬರೆಯುವುದು, ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಮೊದಲು ಅರ್ಜಿ, ಆಮೇಲೆ ಪ್ರದರ್ಶನ, ಇದೇ ಕ್ರಮ. ಯಂತ್ರವು ಪೂರ್ತಿಯಾಗುವವರೆಗೆ ಕಾಯಬೇಕಾದ್ದೂ ಇಲ್ಲ. ಕಲ್ಪನೆಯ ಸಾರವನ್ನು ಬರೆದು ತಾತ್ಕಾಲಿಕ ವಿವರಣೆಯೊಂದನ್ನು ಸಲ್ಲಿಸಿದರೆ ಆ ದಿನಾಂಕವು ಅವನದಾಗುತ್ತದೆ. 12 ತಿಂಗಳೊಳಗೆ ನಕ್ಷೆಗಳೂ ಹಕ್ಕಿನ ಎಲ್ಲೆಕಟ್ಟುಗಳೂ ಉಳ್ಳ ಪೂರ್ಣ ವಿವರಣೆಯನ್ನು ಕೊಡಬೇಕು. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಗೆ ಸೇರತಕ್ಕವು. ಇಂಟರ್‌ನೆಟ್ ಮೂಲಕವೂ ಸಲ್ಲಿಸಬಹುದು. ಹಾಗೆ ಸಲ್ಲಿಸುವ ಸಾಮಾನ್ಯ ವ್ಯಕ್ತಿಗೆ ಅರ್ಜಿಯ ಮೂಲ ಶುಲ್ಕ 1,600 ರೂಪಾಯಿ, ಪರೀಕ್ಷೆಯ ಶುಲ್ಕ 4,000 ರೂಪಾಯಿ. ಸಾಧಾರಣವಾಗಿ 18 ತಿಂಗಳ ಮೇಲೆ ಅರ್ಜಿಯು ಪ್ರಕಟವಾಗುತ್ತದೆ. ಆದರೆ ಪರೀಕ್ಷೆ ತಾನಾಗಿ ನಡೆಯುವುದಿಲ್ಲ. 2024ರ ನಿಯಮಗಳಂತೆ 31 ತಿಂಗಳೊಳಗೆ ಅದನ್ನು ಬೇರೆಯಾಗಿ ಕೇಳಿಕೊಳ್ಳಬೇಕು. ಕೇಳಿಕೊಳ್ಳದವನ ಅರ್ಜಿಯು ಬಿದ್ದುಹೋಗುತ್ತದೆ. ಪರೀಕ್ಷಕರ ಆಕ್ಷೇಪಗಳಿಗೆ ಸಮಾಧಾನ ಹೇಳಲು ಆರು ತಿಂಗಳ ವಾಯಿದೆಯುಂಟು. ಪೇಟೆಂಟು ದೊರೆತ ಮೇಲೆ ಅದನ್ನು ಊರ್ಜಿತದಲ್ಲಿಡಲು ಮೂರನೆಯ ವರ್ಷದಿಂದ ಲೆಕ್ಕಹಾಕಿ ಶುಲ್ಕ ತೆರುತ್ತಿರಬೇಕು.

ಇಷ್ಟು ಸುಲಭವಾಗಿ ಕಾಣುವ ದಾರಿಯಲ್ಲಿ ಒಂದು ದೊಡ್ಡ ಬಂಡೆ ಅಡ್ಡವಾಗಿದೆ. ಪೇಟೆಂಟು ನಿಯಮಗಳಲ್ಲಿ ಒಂಬತ್ತನೆಯದರಂತೆ, ಕಚೇರಿಗೆ ಸಲ್ಲಿಸುವ ಕಾಗದಪತ್ರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರತಕ್ಕದ್ದು. ನಮ್ಮ ಕಮ್ಮಾರನಿಗೆ ಬರುವುದು ಕನ್ನಡ. ತನ್ನ ಯಂತ್ರದ ಒಂದೊಂದು ಹಲ್ಲನ್ನೂ ಹೆಸರಿಟ್ಟು ವರ್ಣಿಸಬಲ್ಲವನು, ಆ ವರ್ಣನೆಯು ಕನ್ನಡದ್ದೆಂಬ ಒಂದೇ ಕಾರಣದಿಂದ ಹೊರಗೆ ನಿಲ್ಲಬೇಕಾಗಿದೆ. ಭಾಷಾಂತರಕಾರರನ್ನು ಹುಡುಕಿ, ಅವರಿಗೆ ಹಣ ಹೊಂದಿಸುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಮೊದಲು ಅರ್ಜಿ ಹಾಕಿದವನಿಗೇ ಮನ್ನಣೆಯಿರುವಲ್ಲಿ ಆ ತಿಂಗಳುಗಳ ಬೆಲೆಯೇನೆಂಬುದನ್ನು ಅಧಿಕಾರಿವರ್ಗದವರು ಯೋಚಿಸಿದ್ದಾರೆಯೆ?

ಪರೀಕ್ಷಕರಿಗೆ ಕನ್ನಡ ತಿಳಿಯದು, ಆದುದರಿಂದ ಇದು ಅನಿವಾರ್ಯವೆಂದು ಕೆಲವರು ಹೇಳಬಹುದು. ಪರೀಕ್ಷೆಗೆ ಭಾಷಾಂತರ ಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ದಿನಾಂಕವನ್ನು ಗುರುತುಹಾಕಿಕೊಳ್ಳುವುದಕ್ಕೆ ಭಾಷಾಂತರವೇಕೆ? ಯೂರೋಪಿನ ಪೇಟೆಂಟು ಕಚೇರಿಯು ಯಾವ ಭಾಷೆಯಲ್ಲಿ ಬರೆದ ಅರ್ಜಿಯನ್ನಾದರೂ ಸ್ವೀಕರಿಸಿ, ಎರಡು ತಿಂಗಳೊಳಗೆ ಭಾಷಾಂತರವನ್ನು ಕೇಳುತ್ತದೆ. ಅಮೆರಿಕದಲ್ಲಿಯೂ ಅನ್ಯಭಾಷೆಯ ಅರ್ಜಿಗೆ ದಿನಾಂಕ ಸಿಗುತ್ತದೆ. ಭಾಷೆಯ ಮಟ್ಟಿಗೆ ಹೇಳುವುದಾದರೆ, ಮ್ಯೂನಿಕ್ ನಗರದಲ್ಲಿ ಸಲ್ಲುವ ಕನ್ನಡವು ಚೆನ್ನೈಯಲ್ಲಿ ಸಲ್ಲುವುದಿಲ್ಲ! ಸ್ವತಂತ್ರ ದೇಶಕ್ಕೆ ಇದು ಶೋಭೆ ತರುವ ಮಾತಲ್ಲ.

ಇದನ್ನು ಸರಿಪಡಿಸಲು ಪಾರ್ಲಿಮೆಂಟಿನ ಹೊಸ ಕಾಯಿದೆಯೂ ಬೇಕಾಗಿಲ್ಲ. ಅದೇ ನಿಯಮದಲ್ಲಿ, ಕಂಟ್ರೋಲರರು ಬೇರೆ ರೀತಿಯಲ್ಲಿ ಅಪ್ಪಣೆ ಕೊಡುವುದಕ್ಕೆ ಅವಕಾಶವಿದೆ. ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಬಂದ ಅರ್ಜಿಗಳಿಗೆ ಅಂದಿನ ದಿನಾಂಕವನ್ನೇ ಕೊಟ್ಟು, ಭಾಷಾಂತರಕ್ಕೆ ಎರಡು ತಿಂಗಳ ಗಡುವಿಡಬೇಕೆಂದು ಕೇಂದ್ರ ಸರ್ಕಾರದವರನ್ನು ನಾವು ಒತ್ತಾಯಪಡಿಸುತ್ತೇವೆ. ನಮ್ಮ ರಾಜ್ಯ ಸರ್ಕಾರವು ಈ ಮಾತನ್ನು ದೆಹಲಿಯಲ್ಲಿ ಎತ್ತಬೇಕು. ಜೊತೆಗೆ ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಅರ್ಜಿ ಬರೆದುಕೊಡಬಲ್ಲ ಒಬ್ಬೊಬ್ಬರನ್ನು ನೇಮಿಸಬೇಕು.

ಸರ್ಕಾರವು ಕಣ್ದೆರೆಯುವವರೆಗೆ ನಾಗರಿಕರು ಕೈಕಟ್ಟಿ ಕುಳಿತಿರಬೇಕಾದ್ದಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರೂ ವಕೀಲರೂ ತಿಂಗಳಿಗೆ ಒಂದು ದಿನವನ್ನು ಈ ಕೆಲಸಕ್ಕೆ ಕೊಟ್ಟರೆ ಎಷ್ಟೋ ಮನೆಗಳು ಉದ್ಧಾರವಾದಾವು. ಮೇಳಗಳನ್ನು ನಡೆಸುವ ಮಹನೀಯರಲ್ಲಿ ನಮ್ಮ ಪ್ರಾರ್ಥನೆ ಇನ್ನೂ ಸಣ್ಣದು: ಹೊಸ ಯಂತ್ರವನ್ನು ಹೊತ್ತು ಬಂದವನಿಗೆ ಮಳಿಗೆಯನ್ನು ತೋರಿಸುವ ಮೊದಲು, ‘ಅರ್ಜಿ ಹಾಕಿದ್ದೀರಾ?’ ಎಂದು ಒಂದು ಮಾತು ಕೇಳಿರಿ.