ಬಿಸಿಯಾದರೆ ಮುನಿಯುವ ಫಿಯೆಟ್ಟು

ಸಿನಿಮಾದಲ್ಲಿ ಕಾರು ಕೆಟ್ಟು ನಿಂತರೆ ಅದೃಷ್ಟ ಖುಲಾಯಿಸಿತು ಅಂತಲೇ ಲೆಕ್ಕ! 1958ರ ‘ಚಲ್ತೀ ಕಾ ನಾಮ್ ಗಾಡಿ’ಯಲ್ಲಿ ಮಳೆಯ ರಾತ್ರಿ ಮಧುಬಾಲಾಳ ಕಾರು ಕೈಕೊಟ್ಟಿದ್ದಕ್ಕೇ ತಾನೇ ಮೆಕ್ಯಾನಿಕ್ ಕಿಶೋರ್ ಕುಮಾರನಿಗೆ ಪ್ರೇಮ ಒಲಿದದ್ದು? ಅದೇ ವರ್ಷ ಬಂಗಾಳದ ಋತ್ವಿಕ್ ಘಟಕ್ ‘ಅಜಾಂತ್ರಿಕ್’ನಲ್ಲಿ ಲಡಕಾಸಿ ಷೆವರ್ಲೆಯನ್ನು ಜೀವದ ಗೆಳೆಯನಂತೆ ಪ್ರೀತಿಸುವ ಟ್ಯಾಕ್ಸಿ ಡ್ರೈವರನ ಕಥೆ ಹೇಳಿದರು. 2019ರಲ್ಲಿ ನಮ್ಮ ಜಗ್ಗೇಶ್ ಅವರ ‘ಪ್ರೀಮಿಯರ್ ಪದ್ಮಿನಿ’ಯೂ ಬಂತು. ಆದರೆ ಸ್ವಾಮೀ, ಮೇ ತಿಂಗಳ ಮಟಮಟ ಮಧ್ಯಾಹ್ನ ಬಳ್ಳಾರಿ-ಸಿರುಗುಪ್ಪ ರಸ್ತೆಯಲ್ಲಿ ಕಾರು ನಿಂತರೆ ಯಾವ ಮಧುಬಾಲಾಳೂ ಬರೋದಿಲ್ಲ. ಬಂದರೆ ಭತ್ತದ ಲಾರಿ ಬರುತ್ತೆ, ಹಾರ್ನ್ ಹೊಡೆದು ಹೋಗುತ್ತೆ.

ನನಗೆ ಗೊತ್ತಿರುವ ಸಿರುಗುಪ್ಪದ ಮೇಷ್ಟ್ರೊಬ್ಬರ ಪಾಡು ಇದೇ. ಅವರದ್ದು 1966ರ ಫಿಯೆಟ್ 1100 ಡಿಲೈಟ್. ಮುಂಬಯಿಯ ಕುರ್ಲಾದಲ್ಲಿ ತಯಾರಾದದ್ದು, ಆಮೇಲೆ ಪದ್ಮಿನಿ ಅಂತ ಹೆಸರು ಬದಲಿಸಿಕೊಂಡ ಗಾಡಿಯ ಅಕ್ಕ ಅನ್ನಿ. ಅಪ್ಪ ತಗೊಂಡ ಕಾರು. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟು. ತೆಕ್ಕಲಕೋಟೆ ದಾಟುವಷ್ಟರಲ್ಲಿ ಎರಡು ಸಲ ಮುಲುಕಿ ಬಂದ್! ಅರ್ಧ ಗಂಟೆ ಬೇವಿನ ನೆರಳಲ್ಲಿ ಕೂತು ಎದ್ದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟು.

ಒಬ್ಬ ಮೆಕ್ಯಾನಿಕ್ ಪ್ಲಗ್ ಬದಲಿಸಿದ. ಇನ್ನೊಬ್ಬ ಹೊಸ ಕಾಯಿಲ್ ಹಾಕಿದ. ಮತ್ತೊಬ್ಬ ಕಾರ್ಬುರೇಟರ್ ಬಿಚ್ಚಿ ತೊಳೆದ. ನಾಲ್ಕನೆಯವ ಡೀಸೆಲ್ ಎಂಜಿನ್ ಕೂರಿಸಿಬಿಡೋಣ ಅಂದ. ಹೀರೋನ ಎದೆಗೆ ವಿಲನ್ನಿನ ಗುಂಡಿಗೆ ಹೊಲಿಯುವ ಈ ಸಲಹೆ ಕೇಳಿದರೆ ನನಗೆ ಮೈಯುರಿಯುತ್ತೆ. ಅಷ್ಟರಲ್ಲಿ ಗುಜರಿಯವನೊಬ್ಬ ವಾಸನೆ ಹಿಡಿದು, “ಭಾನುವಾರ ಬರ್ತೀನಿ, ಅಡ್ವಾನ್ಸ್ ಇಸ್ಕೊಳ್ಳಿ” ಅಂದಿದ್ದ. “ಏನ್ ಮಾಡ್ಲಿ ತಮ್ಮಾ, ಸಾಕಾಗೈತೆ” ಅಂದರು ಮೇಷ್ಟ್ರು. ಅವರ ಮುಖ ನೋಡಲಾಗಲಿಲ್ಲ.

ಬಳ್ಳಾರಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಚಾಚಾ ಇದ್ದಾರೆ. ಅಂಗಡಿಗೆ ಬೋರ್ಡಿಲ್ಲ. ಮೇಷ್ಟ್ರನ್ನು ಅವರ ಹತ್ತಿರ ಕರಕೊಂಡು ಹೋದೆ. ಅವರು ಬಾನೆಟ್ ಕೂಡ ಎತ್ತಲಿಲ್ಲ!

“ಬೇಟಾ, ಜ್ವರ ಬಂದಾಗ ಡಾಕ್ಟರು ನೋಡಬೇಕು. ಜ್ವರ ಇಳಿದ ಮೇಲೆ ತಂದ್ರೆ ನಾನೇನು ನೋಡ್ಲಿ? ನಡಿ, ನಾನೇ ಬರ್ತೀನಿ.”

ಕುರುಗೋಡಿನ ಕಡೆ ಹೊರಟೆವು. ಊರು ಇನ್ನೇನು ಬಂತು, ದೊಡ್ಡಬಸವೇಶ್ವರನಿಗೆ ದೂರದಿಂದಲೇ ಕೈಮುಗಿಯೋಣ ಅನ್ನುವಾಗ ಕಾರು ಮುಲುಕಿತು, ನಿಂತಿತು. ಚಾಚಾ ಮುಖದಲ್ಲಿ ಹಬ್ಬ! “ಯಾರೂ ಸುಮ್ನೆ ಕೂರಬ್ಯಾಡ್ರಿ. ತಣ್ಣಗಾದ್ರೆ ಕಳ್ಳ ತಪ್ಪಿಸ್ಕೋತಾನೆ.”

ಬಿಸಿಯಲ್ಲಿ ನಿಂತ ಎಂಜಿನ್ನಿಗೆ ಒಂದೋ ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕಿಡಿ ಬರುತ್ತಿಲ್ಲ. ಚಾಚಾ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಕಿವಿಗೊಟ್ಟರು. ಮುಚ್ಚಳದ ಗಾಳಿತೂತು ಕಟ್ಟಿದ್ದರೆ ‘ಉಸ್ಸ್’ ಅಂತ ಗಾಳಿ ಒಳಗೆಳೆಯುತ್ತಂತೆ. ಸದ್ದಿಲ್ಲ. ಕಾರ್ಬುರೇಟರಿನ ಪೈಪು ಬಿಚ್ಚಿ ಬಾಟಲಿಗಿಟ್ಟು ಸೆಲ್ಫ್ ಹೊಡೆಸಿದರು. ಪಂಪು ಪುಳಕ್ ಪುಳಕ್ ಅಂತ ಚೆನ್ನಾಗಿಯೇ ಸುರಿಯಿತು. ಬಾಟಲಿ ಮುಚ್ಚಿ ದೂರ ಇಟ್ಟು, ಪೈಪು ಬಿಗಿದು, ಸುತ್ತ ಒರೆಸಿ, ಆವಿ ಆರಿದ ಮೇಲೇ ಕಿಡಿಯ ಪರೀಕ್ಷೆ. ನೀವು ಮಾಡಿದರೂ ಇದೇ ಕ್ರಮ, ಮರೀಬೇಡಿ. ಕಾಯಿಲ್ ವೈರನ್ನು ಇಕ್ಕಳದಲ್ಲಿ ಹಿಡಿದು ಎಂಜಿನ್ನಿಗೆ ಹತ್ತಿರ ತಂದರೆ ನೀಲಿ ಕಿಡಿ ಚಟ್ ಅನ್ನಬೇಕು. ಬಂದದ್ದು ಸಾಯುತ್ತಿರುವ ಹಳದಿ, ಆಮೇಲೆ ಅದೂ ಇಲ್ಲ.

ಜೇಬಿನಿಂದ ಕಂಡೆನ್ಸರ್ ತೆಗೆದು ಹಾಕಿದರು. ಅಗ್ಗದ್ದು, ಬಿಸಿಗೆ ಅದೂ ಸಾಯುತ್ತೆ. ಊಹೂಂ. ಕಾಯಿಲ್ ಮುಟ್ಟಿದ ನಾನು ಕೈ ಕಿತ್ತುಕೊಂಡೆ, ಬೆಂಕಿ! ಮೀಟರ್ ಇಟ್ಟಾಗ ಗುಟ್ಟು ರಟ್ಟಾಯಿತು. ಹೊಸ ಕಾಯಿಲಿನ ಒಳಸುತ್ತು ಬರೀ 1.5 ಓಮ್. ಮುಂದೊಂದು ರೆಸಿಸ್ಟರ್ ಇರುವ ಗಾಡಿಗಳಿಗಾಗಿ ಮಾಡಿದ್ದು ಅದು. ಈ ಫಿಯೆಟ್ಟಿನಲ್ಲಿ ರೆಸಿಸ್ಟರಿಲ್ಲ, ನೇರ 12 ವೋಲ್ಟು ತಡೆಯುವ ಸುಮಾರು 3 ಓಮಿನದ್ದು ಬೇಕು. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೂ ಲೆಕ್ಕ ಹೊಳೆಯಿತು: ತಡೆ ಅರ್ಧವಾದರೆ ಕರೆಂಟು ದುಪ್ಪಟ್ಟು. ಕಾಯಿಲ್ ಕಾಯದೆ ಏನು ಮಾಡೀತು? ಸಿ.ಬಿ. ಪಾಯಿಂಟೂ ಸುಟ್ಟು ಕಪ್ಪಾಗಿತ್ತು.

ಹಾಗಾದರೆ ಕಾಯಿಲ್ ಹಾಕುವ ಮೊದಲು ಯಾಕೆ ನಿಲ್ಲುತ್ತಿತ್ತು ಅಂತೀರಾ? ನಾನೂ ಕೇಳಿದೆ. ಹಳೇ ಕಾಯಿಲ್ ವಯಸ್ಸಾಗಿ ಸೋತಿತ್ತು, ಅದನ್ನು ಬದಲಿಸಿದ್ದು ಸರಿಯೇ. ಆದರೆ ಬಂದದ್ದು ತಪ್ಪು ಜಾತಿಯದ್ದು. ರೋಗ ಹೋಗಿ ಅದೇ ವೇಷದ ರೋಗ ಬಂತು, ಎಲ್ಲರೂ ಕಾರ್ಬುರೇಟರನ್ನು ಬೈದರು. ಪಾಪ!

ಚಾಚಾ ಚೀಲದಲ್ಲಿದ್ದ ಸರಿಯಾದ ಕಾಯಿಲ್ ಹಾಕಿ, ಪಾಯಿಂಟ್ ಬದಲಿಸಿದರು. ಕುರುಗೋಡಿನಿಂದ ಸಿರುಗುಪ್ಪದವರೆಗೆ ಎಲ್ಲೂ ನಿಲ್ಲಲಿಲ್ಲ. ಎಂಜಿನ್ ಓಡದಿರುವಾಗ ಚಾವಿ ಆನ್ ಬಿಟ್ಟು ರೇಡಿಯೋ ಕೇಳಬೇಡಿ, ಅದಕ್ಕೂ ಕಾಯಿಲ್ ಸುಡುತ್ತೆ ಅಂತ ಮೇಷ್ಟ್ರಿಗೆ ತಾಕೀತು ಬೇರೆ.

ಪೆಟ್ರೋಲ್ ಬಾರದಿದ್ದರೆ ಕಥೆಯೇ ಬೇರೆ. ಕಾದ ಪಂಪಿನಲ್ಲಿ ಪೆಟ್ರೋಲು ಆವಿಯಾಗಿ ದಾರಿ ಕಟ್ಟುತ್ತೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಬಿಡುತ್ತೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ-20 ಬಿಡುಗಡೆಯಾಯಿತಲ್ಲ (ಸಿನಿಮಾ ಅಲ್ಲ ಮಾರಾಯರೇ, 20% ಎಥನಾಲ್ ಬೆರೆತ ಪೆಟ್ರೋಲು), ಅದು ಹಳೇ ರಬ್ಬರ್ ಪೈಪುಗಳನ್ನು ತಿನ್ನುತ್ತೆ, ಟ್ಯಾಂಕಿನ ಕಿಲುಬನ್ನು ಎಬ್ಬಿಸುತ್ತೆ. ಪೈಪು, ಫಿಲ್ಟರು ನೋಡಿಸಿಕೊಳ್ಳಿ.

ಇನ್ನೊಂದು ಮಾತು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಕಾರಿಗೆ ‘ವಿಎ’ ಸರಣಿಯ ವಿಂಟೇಜ್ ನಂಬರು ಸಿಗುತ್ತೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಎಂಜಿನ್, ಚಾಸಿಸ್, ಬಾಡಿ ಮಾರ್ಪಾಡಾಗಿರಬಾರದು. ಡೀಸೆಲ್ ಕೂರಿಸಿದ್ದರೆ ಆ ಬಾಗಿಲು ಮುಚ್ಚಿತ್ತು. ಆದರೆ ಆ ನಂಬರಿನಲ್ಲಿ ದಿನಾ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕೆ ಮಾತ್ರ. ಮೇಷ್ಟ್ರಿಗೆ ಅದು ಒಗ್ಗಲಿಲ್ಲ. “ಶೋಕೇಸಿಗೆ ಇಡಾಕ ಅಪ್ಪ ಕಾರು ತಂದಿಲ್ಲ” ಅಂದರು.

ಭಾನುವಾರ ಗುಜರಿಯವನು ಬಂದಾಗ ಕಾರು ಮನೆ ಮುಂದೆ ಇರಲಿಲ್ಲವಂತೆ. ಮೇಷ್ಟ್ರು ಹೆಂಡತಿಯನ್ನು ಕೂರಿಸಿಕೊಂಡು ಬಳ್ಳಾರಿಗೆ ಮ್ಯಾಟಿನಿಗೆ ಹೋಗಿದ್ದರು.