ನಮ್ಮ ‘ಬೇಸು’, ಅವರ ‘ಬೆಟರ್’

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಕಡೆಯವರು ಎಲ್ಲೇ ಸಿಕ್ಕರೂ ಗುರುತು ಹಿಡಿಯೋಕೆ ಒಂದು ಪದ ಸಾಕು: ಬೇಸು. ‘ಊಟ ಬೇಸೈತಿ’, ‘ಇವತ್ತೇ ಹೋದ್ರೆ ಬೇಸು’, ‘ಒಂದ್ಮಾತು ಕೇಳಿದ್ರೆ ಬೇಸಿತ್ತು ನೋಡ್ರಿ’. ನಾನೂ ಅದೇ ಸೀಮೆಯವಳು. ನಮ್ಮಲ್ಲಿ ಸಲಹೆ, ವಿನಂತಿ, ಆಸೆ ಎಲ್ಲವನ್ನೂ ಈ ಒಂದೇ ಪದ ಹೊರುತ್ತೆ.

ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಮೇಲೆ ಈ ‘ಬೇಸು’ ಮೆಲ್ಲಗೆ ‘ಬೆಟರ್’ ಆಗುತ್ತೆ. ‘ಬೆಟರ್ ಒಂದ್ಸಲ ಫೋನ್ ಮಾಡಿಬಿಡು’, ‘ಬೆಟರ್ ಮೇಲ್ ಹಾಕಿ ಸರ್’. ಕನ್ನಡದ ವಾಕ್ಯದೊಳಗೆ ಇರೋವರೆಗೂ ಇದರಿಂದ ಯಾರಿಗೂ ತೊಂದರೆ ಇಲ್ಲ. ಇಡೀ ವಾಕ್ಯ ಇಂಗ್ಲಿಷಿಗೆ ಹೋದಾಗ ಕಥೆ ಬೇರೆ.

ಕೊಟ್ಟೂರಿನ ಹುಡುಗನೊಬ್ಬ ಊರ ತೇರಿಗೆ ರಜೆ ಬೇಕು ಅಂತ ಮ್ಯಾನೇಜರಿಗೆ ಮೇಲ್ ಬರೆದ. ಅವನ ಮನಸ್ಸಿನಲ್ಲಿದ್ದದ್ದು ‘ಶುಕ್ರವಾರದೊಳಗೆ ರಜೆ ಕೊಟ್ರೆ ಬೇಸು ರೀ’. ಬರೆದದ್ದು: ‘ಯು ಹ್ಯಾಡ್ ಬೆಟರ್ ಅಪ್ರೂವ್ ಮೈ ಲೀವ್ ಬೈ ಫ್ರೈಡೆ.’ ಮ್ಯಾನೇಜರ್ ಕರೆದು ಕೇಳಿದ್ದು ಒಂದೇ ಪ್ರಶ್ನೆ: ‘ಈಸ್ ದಿಸ್ ಎ ಥ್ರೆಟ್?’ ಹುಡುಗನಿಗೆ ಏನಾಯ್ತು ಅಂತಲೇ ಗೊತ್ತಾಗಲಿಲ್ಲ. ವ್ಯಾಕರಣದಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಆದದ್ದು ಇಷ್ಟು. ‘ಹ್ಯಾಡ್ ಬೆಟರ್’ ಕೇಳಿದ ಇಂಗ್ಲಿಷ್ ಕಿವಿಗೆ ಅದರ ಹಿಂದೆ ಒಂದು ‘ಇಲ್ಲಾಂದ್ರೆ...’ ಕೂಡ ಕೇಳಿಸುತ್ತೆ. ಮಾಡು, ಇಲ್ಲಾಂದ್ರೆ ನೆಟ್ಟಗಾಗಲ್ಲ ಅನ್ನೋ ಧ್ವನಿ. ವೈದ್ಯರು ರೋಗಿಗೆ, ಅಮ್ಮ ಮಗನಿಗೆ ಹೇಳಬಹುದು. ನಮಗೆ ನಾವೇ ಹೇಳಿಕೊಂಡರೂ ಸರಿ: ‘ಐ ಹ್ಯಾಡ್ ಬೆಟರ್ ಲೀವ್ ನೌ’, ಅಂದರೆ ಈಗ ಹೊರಡದಿದ್ರೆ ಬಸ್ಸು ಸಿಗಲ್ಲ. ಕೆಳಗಿನವರು ಮೇಲಿನವರಿಗೆ ಹೇಳಿದರೆ ಮಾತ್ರ ಬೆದರಿಕೆ.

ನಾವು ಯಾಕೆ ಎಡವುತ್ತೀವಿ? ಕನ್ನಡದಲ್ಲಿ ಮಾತಿನ ಬಿಸಿ, ತಂಪು ಎಲ್ಲ ವಾಕ್ಯದ ಕೊನೆಗೆ ಬರುತ್ತೆ. ‘ಹೋಗೋದು ಬೇಸು’ ಅಂದಮೇಲೂ ಒಂದು ‘ರೀ’, ಒಂದು ‘ನೋಡ್ರಿ’ ಸೇರಿಸಿ ತಣ್ಣಗೆ ಮಾಡೋಕೆ ಜಾಗ ಇದೆ. ಇಂಗ್ಲಿಷಿನಲ್ಲಿ ಆ ಧೋರಣೆ ಕ್ರಿಯಾಪದದ ಮುಂಚೆಯೇ ಬಂದು ಕೂರುತ್ತೆ. ‘ಅಪ್ರೂವ್’ ಅನ್ನೋ ಹೊತ್ತಿಗೆ ‘ಹ್ಯಾಡ್ ಬೆಟರ್’ ತನ್ನ ಕೆಲಸ ಮುಗಿಸಿರುತ್ತೆ. ಆ ಹುಡುಗ ಬರೆಯಬೇಕಿದ್ದದ್ದು ‘ಇಟ್ ವುಡ್ ಹೆಲ್ಪ್ ಇಫ್ ಯು ಕುಡ್ ಅಪ್ರೂವ್ ಮೈ ಲೀವ್ ಬೈ ಫ್ರೈಡೆ’. ನಮ್ಮ ‘ಕೊಟ್ರೆ ಬೇಸು’ಗೆ ಹತ್ತಿರದ್ದು ಇದು.

ಹೀಗೆ ಕ್ರಿಯಾಪದದ ಮುಂದೆ ಕೂರುವ ಹೋಲಿಕೆಯ ಮಾತು ಇನ್ನೂ ಕೆಲವಿವೆ.

ವುಡ್ ರ್ಯಾದರ್. ಎರಡರಲ್ಲಿ ಒಂದನ್ನು ಆರಿಸೋ ಮಾತು. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ತಾಲ್ಲೂಕು ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋಯ್ತು. ಆಮೇಲೆ ಹೈದರಾಬಾದ್ ಕರ್ನಾಟಕಕ್ಕೆ 371 ಜೆ ಸೌಲಭ್ಯ ಬಂತು, ದಾವಣಗೆರೆಗೆ ಅದು ಇಲ್ಲ. ‘ವಿ ವುಡ್ ರ್ಯಾದರ್ ಗೋ ಬ್ಯಾಕ್ ಟು ಬಳ್ಳಾರಿ’ ಅಂತ ಜನ ಹೋರಾಡಿದರು, 2018ರಲ್ಲಿ ವಾಪಸ್ ಸೇರಿದರು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಐದೂ ತಾಲ್ಲೂಕು ಹೊಸಪೇಟೆ ಜೊತೆ ಅದಕ್ಕೆ ಬಂದವು. ‘ಇದಕ್ಕಿಂತ ಅದು ಬೇಸು’ ಅನ್ನೋದೇ ‘ವುಡ್ ರ್ಯಾದರ್’.

ಆಫೀಸಿನಲ್ಲಿ ಇದರ ಇನ್ನೊಂದು ಉಪಯೋಗ ಇದೆ. ‘ಐ ವುಡ್ ರ್ಯಾದರ್ ನಾಟ್’ ಅಂದರೆ ಮುಖ ಮುರಿಯದಂತೆ ‘ಬೇಡ’ ಅಂದ ಹಾಗೆ. ಬೇರೆಯವರಿಂದ ಆಗಬೇಕಾದ ಕೆಲಸಕ್ಕೆ ‘ಐ ವುಡ್ ರ್ಯಾದರ್ ಯು ಕೇಮ್ ಟುಮಾರೊ’. ನಾಳೆಯ ಮಾತಿಗೆ ‘ಕೇಮ್’ ಯಾಕೆ ಅಂತ ಗಾಬರಿ ಬೇಡ. ‘ನಾಳೆ ಬಂದ್ರೆ ಬೇಸು’ ಅನ್ನುವಾಗ ನಮ್ಮ ‘ಬಂದ್ರೆ’ ಕೂಡ ‘ಬಂದ’ದಿಂದಲೇ ಬಂದದ್ದು!

ಮೈಟ್ ಆ್ಯಸ್ ವೆಲ್. ಹಡಗಲಿ ಬಸ್ಸು ತಪ್ತು, ಇನ್ನೊಂದು ಬರೋಕೆ ಒಂದು ಗಂಟೆ. ‘ವಿ ಮೈಟ್ ಆ್ಯಸ್ ವೆಲ್ ಹ್ಯಾವ್ ಟೀ’, ಅಂದರೆ ಸುಮ್ನೆ ಕೂರೋ ಬದಲು ಚಾ ಆದ್ರೂ ಕುಡಿಯೋಣ. ಬೇರೆ ದಾರಿ ಇಲ್ಲ ಅನ್ನೋ ನಿಟ್ಟುಸಿರು ಇದರಲ್ಲಿದೆ. ಹಾಗಾಗಿ ಯಾರಾದರೂ ಪ್ರೀತಿಯಿಂದ ಊಟಕ್ಕೆ ಕರೆದಾಗ ‘ಐ ಮೈಟ್ ಆ್ಯಸ್ ವೆಲ್ ಕಮ್’ ಅನ್ನಬೇಡಿ. ಬೇರೆ ಕೆಲಸ ಇಲ್ಲ, ಬರ್ತೀನಿ ಬಿಡಿ ಅಂದಂಗೆ ಆಗುತ್ತೆ.

ಆ್ಯಸ್ ಗುಡ್ ಆ್ಯಸ್. ‘ವಿ ಹ್ಯಾವ್ ಆ್ಯಸ್ ಗುಡ್ ಆ್ಯಸ್ ಫಿನಿಶ್ಡ್’ ಅಂದರೆ ಕೆಲಸ ಚೆನ್ನಾಗಿ ಮುಗಿದಿದೆ ಅಂತ ಅಲ್ಲ. ಮುಗಿದಂಗೇ ಅಂತ. ಇನ್ನೂ ಸ್ವಲ್ಪ ಬಾಕಿ ಇದೆ. ಪೂರ್ತಿ ಮುಗಿಸಿದ್ದರೆ ಬರೀ ‘ಫಿನಿಶ್ಡ್’ ಅನ್ನಿ, ಇಲ್ಲಾಂದ್ರೆ ನಿಮ್ಮ ದುಡಿಮೆಯನ್ನು ನೀವೇ ಕಡಿಮೆ ಮಾಡಿ ಹೇಳಿದಂತೆ.

ಮೋರ್ ದ್ಯಾನ್. ‘ದ ರೇನ್ ಮೋರ್ ದ್ಯಾನ್ ಫಿಲ್ಡ್ ದ ಟ್ಯಾಂಕ್.’ ಹಗರಿಬೊಮ್ಮನಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೆರೆ ತುಂಬಿ ಕೋಡಿ ಬಿತ್ತು. ಅಪ್ರೈಸಲ್ ಫಾರ್ಮಿನಲ್ಲಿ ‘ಐ ಮೋರ್ ದ್ಯಾನ್ ಮೆಟ್ ಮೈ ಟಾರ್ಗೆಟ್’ ಅಂತ ಧೈರ್ಯವಾಗಿ ಬರೀರಿ. ಹಿಂದೆ ಅಂಕಿ ಮಾತ್ರ ಇರಲಿ.

ಎರಡು ಸಣ್ಣ ಸೂಚನೆ. ‘ಹ್ಯಾಡ್ ಬೆಟರ್’ ಆದಮೇಲೆ ‘ಟು’ ಬೇಡ. ‘ಹ್ಯಾಡ್ ಬೆಟರ್ ಗೋ’ ಸರಿ, ‘ಹ್ಯಾಡ್ ಬೆಟರ್ ಟು ಗೋ’ ತಪ್ಪು. ಇನ್ನು, ‘ಹ್ಯಾಡ್’ ಇದೆ ಅಂತ ಅದು ನಿನ್ನೆಯ ಮಾತಲ್ಲ, ಈಗಿನದು ಇಲ್ಲವೇ ಮುಂದಿನದು.

ಮೇಲ್ ಕಳಿಸೋ ಮುಂಚೆ ‘ಹ್ಯಾಡ್ ಬೆಟರ್’ ಇರೋ ವಾಕ್ಯದ ಕೊನೆಗೆ ‘ಇಲ್ಲಾಂದ್ರೆ ನೋಡು’ ಅಂತ ಸೇರಿಸಿ ಒಮ್ಮೆ ಮನಸ್ಸಿನಲ್ಲೇ ಓದಿ. ಮೇಲಿನವರಿಗೆ ಹಾಗೆ ಹೇಳೋ ಉದ್ದೇಶ ಇಲ್ಲದಿದ್ದರೆ ಬದಲಿಸಿ. ಬೆಂಗಳೂರಿನ ಆಫೀಸಿನಲ್ಲಿ ನಮ್ಮ ಕಡೆಯವರಿಗೆ ‘ಸ್ವಲ್ಪ ಒರಟು’ ಅನ್ನೋ ಹೆಸರು ಬರೋದು ಎಷ್ಟೋ ಸಲ ಇಂಥ ಎರಡು ಪದದಿಂದ. ಊರಲ್ಲಿ ಅವರಷ್ಟು ಮೆತ್ತಗೆ ಮಾತಾಡುವವರು ಕಡಿಮೆ ಅನ್ನೋದು ಮ್ಯಾನೇಜರಿಗೆ ಹೇಗೆ ಗೊತ್ತಾಗಬೇಕು?

ನಿಮ್ಮ ಆಫೀಸಿನಲ್ಲಿ ಹೀಗೆ ಎಡವಟ್ಟು ಮಾಡಿದ ವಾಕ್ಯ ಇದ್ದರೆ ಬರೆದು ಕಳಿಸಿ. ಮುಂದಿನ ಕಂತಿನಲ್ಲಿ ನೋಡೋಣ. ಬೇಗ ಕಳಿಸಿದ್ರೆ ಬೇಸು.